ಎಲುಬು ಕಾಣುವ ಕುದುರೆಯೊಂದು ನಮ್ಮ ಕೈಗೆ ಬಂದಿದೆ, ಮೊದಲು ಏನು ಮಾಡಬೇಕು?

ಬಯಲುಹುಲ್ಲು
ಎಲ್ಲರಿಗೂ ನಮಸ್ಕಾರ. ಉತ್ತರ ಸ್ವಲ್ಪ ಬೇಗ ಬೇಕು.

ನಮ್ಮ ಮನೆಗಳ ಹಿಂದೆ ಒಂದು ಖಾಲಿ ಜಾಗ ಇದೆ. ಎರಡು ತಿಂಗಳಿಂದ ಅಲ್ಲಿ ಒಂದು ಹೆಣ್ಣು ಕುದುರೆಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ ಹಾಕಿದ್ದರು. ಹಗ್ಗ ಎಟಕುವಷ್ಟು ಜಾಗದ ಹುಲ್ಲನ್ನು ಬುಡದ ತನಕ ಮೇಯ್ದು ಮುಗಿಸಿ, ಕಡೆಗೆ ಮಣ್ಣು ನೆಕ್ಕುತ್ತಿತ್ತು. ನಾವು ಕೆಲವರು ದಿನಾ ನೀರು ಇಟ್ಟು ಬರುತ್ತಿದ್ದೆವು. ಇವತ್ತು ಸಂಜೆ ಮಾಲೀಕರು ಸಿಕ್ಕಿದರು. ಅವರಿಗೇ ಕಾಯಿಲೆ, ಕೆಲಸ ಬಿಟ್ಟು ತಿಂಗಳುಗಳಾಗಿವೆ. "ಸಾಕುವ ಹಾಗಿದ್ದರೆ ಹೊಡ್ಕೊಂಡು ಹೋಗಿ, ನನ್ನ ಕೈಲಾಗಲ್ಲ" ಅಂದರು.

ಈಗ ಪಕ್ಕದವರ ಖಾಲಿ ಶೆಡ್‌ನಲ್ಲಿ ನಿಂತಿದೆ. 9 ಮನೆಯವರು ಸೇರಿದ್ದೇವೆ. ಒಬ್ಬರಿಗೂ ಕುದುರೆ ಸಾಕಿ ಗೊತ್ತಿಲ್ಲ. ಡಾಕ್ಟರು ನಾಳೆ ಬೆಳಿಗ್ಗೆ ಬರುತ್ತಾರೆ. ಒಬ್ಬರು ಆಗಲೇ ಒಂದು ಬಕೆಟ್ ಕಾಳು ಬೇಯಿಸಿ ಬೆಲ್ಲ ಹಾಕಿ ತಂದಿದ್ದಾರೆ. ಕೊಡಬಹುದಾ? ಅದು ಆ ಬಕೆಟ್ ಕಡೆಯೇ ನೋಡುತ್ತಿದೆ, ನೋಡೋಕಾಗುತ್ತಿಲ್ಲ.

ನಿವೃತ್ತ ಪಶುವೈದ್ಯೆ
ಕೊಡಬೇಡಿ. ಬಕೆಟ್ ಶೆಡ್‌ನಿಂದ ಆಚೆ ತೆಗೆದುಕೊಂಡು ಹೋಗಿ. ಉಳಿದದ್ದು ಆಮೇಲೆ ಓದಿ.

ಬಯಲುಹುಲ್ಲು
ತೆಗೆದೆವು ಮೇಡಂ. ಹೇಳಿ.

ನಿವೃತ್ತ ಪಶುವೈದ್ಯೆ
ತುಂಬಾ ದಿನ ಉಪವಾಸ ಇದ್ದ ಕುದುರೆಯ ಮೈ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿಕೊಂಡು ಬದುಕಿರುತ್ತದೆ. ಅದಕ್ಕೆ ಒಮ್ಮೆಲೇ ಕಾಳು, ಬೆಲ್ಲ ಕೊಟ್ಟರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿರುವ ಅಷ್ಟಿಷ್ಟು ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಜೀವಕೋಶದ ಒಳಗೆ ಹೋಗಿಬಿಡುತ್ತದೆ. ಆಮೇಲೆ ಹೃದಯ, ಉಸಿರಾಟ ಕೈಕೊಡುತ್ತವೆ. ಊಟ ಶುರುವಾದ 3ರಿಂದ 10 ದಿನದ ಒಳಗೆ ಹೀಗೆ ಸಾಯುವ ಕುದುರೆಗಳಿವೆ. ಉಪವಾಸ ದಾಟಿ ಬಂದದ್ದು ಊಟಕ್ಕೆ ಸಾಯುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಇದನ್ನೇ ಪರೀಕ್ಷೆ ಮಾಡಿದ್ದರು. ಬಡಕಲು ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ನೋಡಿದರು. ಒಳ್ಳೆಯದು ಅಂತ ಕಂಡದ್ದು ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪಿನ ಒಣಮೇವು. ಪಿಷ್ಟ ಕಡಿಮೆ, ಪ್ರೋಟೀನ್, ರಂಜಕ, ಮೆಗ್ನೀಸಿಯಂ ಜಾಸ್ತಿ. ಮೊದಲ ಮೂರು ದಿನ 4 ಗಂಟೆಗೊಮ್ಮೆ ಸುಮಾರು ಅರ್ಧ ಕಿಲೋ, ಅಷ್ಟೇ. ರಾತ್ರಿಯೂ ಸೇರಿ ದಿನಕ್ಕೆ 6 ಸಲ. ಆಮೇಲೆ ನಿಧಾನವಾಗಿ ಪ್ರಮಾಣ ಹೆಚ್ಚಿಸಿ, ಸಲ ಕಡಿಮೆ ಮಾಡುತ್ತಾ ಬನ್ನಿ. ಹತ್ತು ದಿನ ಕಳೆದ ಮೇಲೆ ಬೇಕಾದಷ್ಟು ಹುಲ್ಲು. ಲೂಸರ್ನ್ ಸಿಗದಿದ್ದರೆ ಧೂಳು, ಬೂಸ್ಟು ಇಲ್ಲದ ಒಣಹುಲ್ಲನ್ನೇ ಹೀಗೆ ಸ್ವಲ್ಪ ಸ್ವಲ್ಪ ಕೊಡಿ. ಬರುವ ಡಾಕ್ಟರಿಗೆ ಇದನ್ನು ಹೇಳಿ, ಕುದುರೆಯ ಸ್ಥಿತಿ ನೋಡಿ ಅವರು ಬದಲಿಸಿದರೆ ಅವರ ಮಾತೇ ಕೇಳಿ.

ನೀರು ಸದಾ ಮುಂದೆ ಇರಲಿ.

ಮಳೆಬಿಲ್ಲು
ರಾತ್ರಿ 2 ಗಂಟೆಗೂ ಎದ್ದು ಕೊಡಬೇಕಾ? ಒಂದು ಸಲ ಜಾಸ್ತಿ ಹಾಕಿಟ್ಟು ಮಲಗಿದರೆ ಆಗಲ್ವಾ?

ನಿವೃತ್ತ ಪಶುವೈದ್ಯೆ
ಆಗಲ್ಲ. ಹಸಿದ ಕುದುರೆ ಮುಂದೆ ಇಟ್ಟದ್ದನ್ನೆಲ್ಲ ಒಂದೇ ಸಲ ತಿನ್ನುತ್ತದೆ. 9 ಮನೆ ಇದ್ದೀರಲ್ಲ, ಸರದಿ ಹಾಕಿಕೊಳ್ಳಿ.

ನೇರಮಾತು
ಎಲ್ಲರೂ ಮೇವಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಮಾಲೀಕನನ್ನು ಸುಮ್ನೆ ಬಿಡೋದಾ? ಎರಡು ತಿಂಗಳು ಕಣ್ಣೆದುರಿಗೆ ಸಾಯಿಸಿದ್ದಾನೆ. ಮೊದಲು ದೂರು ಕೊಡಿ, ಫೋಟೋ ಎಲ್ಲ ಕಡೆ ಹಾಕಿ.

ಹಳೆಯ ಲಾಯ
ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಆ ಮನುಷ್ಯ ಕುದುರೆಯನ್ನು ತಾನಾಗಿ ಬಿಟ್ಟುಕೊಟ್ಟಿದ್ದಾನೆ. ನಾಳೆ ಇನ್ನೊಬ್ಬ ಇದೇ ಪರಿಸ್ಥಿತಿಯಲ್ಲಿ ಇರುತ್ತಾನೆ. ಬಿಟ್ಟುಕೊಟ್ಟವನ ಮುಖ ಬೀದಿಗೆ ತಂದರು ಅಂತ ಗೊತ್ತಾದರೆ ಅವನು ಕುದುರೆಯನ್ನು ಗೋಡೆ ಹಿಂದೆ ಅಡಗಿಸುತ್ತಾನೆ. ಆಗ ನೀರು ಇಡುವುದಕ್ಕೂ ನಮಗೆ ಕಾಣುವುದಿಲ್ಲ.

ಹೊಡೆದು, ಗಾಯ ಮಾಡಿ, ಹೇಳಿದರೂ ಕೇಳದವರು ಇದ್ದಾರೆ. ಅವರ ಮೇಲೆ ಖಂಡಿತ ದೂರು ಕೊಡಿ. ಇಲ್ಲಿ ಹಾಗಲ್ಲ ಅನ್ನಿಸುತ್ತಿದೆ.

ನೇರಮಾತು
ಕಷ್ಟ ಇತ್ತು ಅಂದರೆ ಮೊದಲೇ ಬಾಯಿಬಿಟ್ಟು ಹೇಳಬಹುದಿತ್ತು ಅಲ್ವಾ? ಕುದುರೆಗೆ ಹೇಳೋಕೆ ಬಾಯಿಲ್ಲ. ಅವನಿಗೆ ಇತ್ತು.

ಬಯಲುಹುಲ್ಲು
ಸರ್, ನಿಮ್ಮ ಸಿಟ್ಟು ನನಗೂ ಇತ್ತು. ಆದರೆ ಹೊರಡುವಾಗ ಅವರು ಕುದುರೆಯ ಹಣೆ ಸವರಿ, ಅದಕ್ಕೆ ಎಡಗಡೆಯಿಂದ ಹತ್ತಿರ ಬಂದರೆ ಹೆದರಿಕೆ ಇಲ್ಲ, ಬಲಗಣ್ಣು ಮಂದ ಅಂತ ಹೇಳಿಕೊಟ್ಟರು. ಆ ಮಾತು ಇಲ್ಲದಿದ್ದರೆ ನಮಗೆ ಯಾರಿಗೋ ಇಷ್ಟೊತ್ತಿಗೆ ಒದೆ ಬಿದ್ದಿರುತ್ತಿತ್ತು.

ಲೆಕ್ಕದ ಪುಸ್ತಕ
ಸಿಟ್ಟೋ ಕರುಣೆಯೋ, ಮೊದಲು ಒಂದು ಕಾಗದ ಮಾಡಿಸಿ. "ಈ ಕುದುರೆಯನ್ನು ಇಂಥ ದಿನ ಇಂಥವರಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದೇನೆ" ಅಂತ ಬರೆಸಿ, ಸಹಿ, ಇಬ್ಬರು ಸಾಕ್ಷಿ. ಬಣ್ಣ, ಹಣೆಯ ಬೊಟ್ಟು, ಕಾಲಿನ ಬಿಳಿ, ಹಳೇ ಗಾಯದ ಗುರುತು ಎಲ್ಲ ಇರಲಿ. ನಾಲ್ಕೂ ಕಡೆಯಿಂದ ಫೋಟೋ. ನಾವು ಹಿಂದೆ ಬಾಯಿಮಾತಲ್ಲಿ ಒಂದು ಕುದುರೆ ತೆಗೆದುಕೊಂಡೆವು. ಐದು ತಿಂಗಳು ಸಾಕಿ ಮೈತುಂಬಿ ಬಂದ ಮೇಲೆ ಹಳೆ ಮಾಲೀಕ ಬಂದು "ನನ್ನದು" ಅಂತ ಹೊಡೆದುಕೊಂಡು ಹೋದ. ತೋರಿಸಲು ನಮ್ಮ ಬಳಿ ಒಂದು ಚೀಟಿಯೂ ಇರಲಿಲ್ಲ.

ಹಳೆಯ ಲಾಯ
ಇದು ಸರಿ. ಇವತ್ತೇ ಮಾಡಿಸಿ.

ಬಯಲುಹುಲ್ಲು
ಎರಡನೇ ದಿನ. ಕಾಗದ ಆಯಿತು. ಡಾಕ್ಟರು ಬಂದು ನೋಡಿದರು. 9ರಲ್ಲಿ 2 ಅಂತ ಬರೆದರು. ಇದೇನು ಲೆಕ್ಕ ಅಂತ ಕೇಳಲು ಸಂಕೋಚ ಆಯಿತು. ಟೇಪು ಹಿಡಿದು ಅಳತೆಯನ್ನೂ ತೆಗೆದರು. ಎದೆ ಸುತ್ತಳತೆ 160 ಸೆಂ.ಮೀ., ಉದ್ದ 140.

ನಿವೃತ್ತ ಪಶುವೈದ್ಯೆ
ಅದು ಹೆನೆಕೆ ಅಂಕ. ಡಾನ್ ಹೆನೆಕೆ ಮತ್ತು ಜೊತೆಗಾರರು 1983ರಲ್ಲಿ ಮಾಡಿದ್ದು. 1 ಅಂದರೆ ಎಲುಬಿನ ಗೂಡು, 9 ಅಂದರೆ ಅತಿ ದಪ್ಪ, 5ರ ಆಸುಪಾಸು ಒಳ್ಳೆಯದು. ಕಣ್ಣಲ್ಲಿ ನೋಡಿದರೆ ಸಾಲದು, ಕೈಯಲ್ಲಿ ಒತ್ತಿ ನೋಡಬೇಕು. ಕುತ್ತಿಗೆ, ಹೆಗಲ ಮೇಲಿನ ಉಬ್ಬು, ಭುಜದ ಹಿಂಭಾಗ, ಪಕ್ಕೆಲುಬು, ಸೊಂಟದ ಬೆನ್ನು, ಬಾಲದ ಬುಡ, ಈ ಆರು ಜಾಗ. ಕೂದಲು ಉದ್ದ ಬೆಳೆದಾಗ ಎಷ್ಟೋ ಬಡಕಲು ಕುದುರೆಗಳು ದೂರದಿಂದ ಚೆನ್ನಾಗಿಯೇ ಕಾಣುತ್ತವೆ.

ಅಳತೆಯಿಂದ ತೂಕ ಹೀಗೆ: ಸುತ್ತಳತೆ ಗುಣಿಸು ಸುತ್ತಳತೆ ಗುಣಿಸು ಉದ್ದ, ಬಂದದ್ದನ್ನು 11,880ರಿಂದ ಭಾಗಿಸಿ. ನಿಮ್ಮದು ಸುಮಾರು 300 ಕಿಲೋ. ಉದ್ದ ಅಂದರೆ ಭುಜದ ಮುಂದಿನ ತುದಿಯಿಂದ ಪೃಷ್ಠದ ತುದಿಯವರೆಗೆ. ವಾರಕ್ಕೊಮ್ಮೆ ಒಬ್ಬರೇ, ಅದೇ ಜಾಗದಲ್ಲಿ ಅಳೆಯಿರಿ. ಜಂತಿನ ಔಷಧದ ಪ್ರಮಾಣಕ್ಕೂ ಈ ತೂಕ ಬೇಕು.

ಮಳೆಬಿಲ್ಲು
ಪಕ್ಕೆಲುಬು ಎಣಿಸಬಹುದು, ಆದರೆ ಹೊಟ್ಟೆ ಮಾತ್ರ ಜೋತು ಬಿದ್ದಿದೆ. ಗಬ್ಬ ಇರಬಹುದಾ?

ಬಯಲುಹುಲ್ಲು
ಇಲ್ಲವಂತೆ, ಡಾಕ್ಟರು ಪರೀಕ್ಷೆ ಮಾಡಿದರು. ಜಂತು ವಿಪರೀತ ಇರಬಹುದು ಅಂದರು. ಆದರೆ ಇವತ್ತೇ ಔಷಧ ಹಾಕಲಿಲ್ಲ, ಲದ್ದಿ ಪರೀಕ್ಷೆಗೆ ಕಳಿಸಿದರು. ಯಾಕೆ ತಡ?

ನಿವೃತ್ತ ಪಶುವೈದ್ಯೆ
ನಿಮ್ಮ ಡಾಕ್ಟರು ಸರಿ ಮಾಡಿದ್ದಾರೆ. ನಿತ್ರಾಣದ ಕುದುರೆಯ ಕರುಳಲ್ಲಿ ರಾಶಿ ಹುಳು ಒಮ್ಮೆಲೇ ಸತ್ತರೆ ಅದೇ ಇನ್ನೊಂದು ಹೊಟ್ಟೆಶೂಲೆ ಆಗುತ್ತದೆ. ಧನುರ್ವಾಯು ಲಸಿಕೆ ಮಾತ್ರ ಕೇಳಿ ನೋಡಿ. ಕುದುರೆಗೆ ಧನುರ್ವಾಯು ಬಲು ಬೇಗ ತಗಲುತ್ತದೆ, ಗೊರಸಿನ ಒಂದು ಸಣ್ಣ ತೂತು ಸಾಕು.

ಇನ್ನೊಂದು. ಮಣ್ಣು ನೆಕ್ಕುತ್ತಿತ್ತು ಅಂದಿರಿ. ನಾಲ್ಕೈದು ಲದ್ದಿ ಉಂಡೆಯನ್ನು ಗಾಜಿನ ಪಾತ್ರೆಯ ನೀರಲ್ಲಿ ಕದಡಿ ಬಿಡಿ. ತಳದಲ್ಲಿ ಮರಳು ಕೂತರೆ ಡಾಕ್ಟರಿಗೆ ತಿಳಿಸಿ. ಮೇವನ್ನು ನೆಲದ ಮೇಲೆ ಹಾಕದೆ ಅಗಲ ತೊಟ್ಟಿಯಲ್ಲಿ ಹಾಕಿ.

ಗೊರಸುಗತ್ತಿ
ನಾನು ಇಪ್ಪತ್ತು ವರ್ಷದಿಂದ ಗೊರಸು ಕತ್ತರಿಸಿ ಲಾಳ ಹೊಡೆಯುವ ಕೆಲಸ ಮಾಡುತ್ತೇನೆ. ಕಾಲಿನ ಫೋಟೋ ಹಾಕಿದ್ದೀರಿ, ನೋಡಿದೆ. ಮುಂದಿನ ಎರಡೂ ಗೊರಸು ಚಪ್ಪಲಿಯ ತುದಿಯ ಹಾಗೆ ಮೇಲಕ್ಕೆ ಎದ್ದಿವೆ. ಬಂದವರು ಒಂದೇ ದಿನ ಪೂರ್ತಿ ಕತ್ತರಿಸಿ ಚೆಂದ ಮಾಡುತ್ತೇನೆ ಅಂದರೆ ಬೇಡ ಅನ್ನಿ. ಇಷ್ಟು ದಿನ ಕಾಲಿನ ಸ್ನಾಯು ಆ ಕೋನಕ್ಕೆ ಒಗ್ಗಿರುತ್ತದೆ. ಸ್ವಲ್ಪ ಸ್ವಲ್ಪವೇ ತೆಗೆದು ಎರಡು ಮೂರು ಸಲದಲ್ಲಿ ಸರಿ ಮಾಡಬೇಕು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿಗೂ ಕಡಿಮೆ ಬೆಳೆಯುತ್ತದೆ. ಮೇಲಿನ ಅಂಚಿಂದ ತುದಿಯ ತನಕ ಹೊಸ ಗೊರಸು ಬರಲು ಸುಮಾರು ಒಂದು ವರ್ಷ. ಚೆನ್ನಾಗಿರುವ ಕುದುರೆಗೂ 6ರಿಂದ 8 ವಾರಕ್ಕೊಮ್ಮೆ ಕತ್ತರಿ ಬೇಕು.

ಅಡಿಯಲ್ಲಿ ತ್ರಿಕೋನದ ಮೆತ್ತನೆ ಭಾಗ ಇರುತ್ತದೆ. ಅಲ್ಲಿ ಕಪ್ಪಗೆ ಕೊಳೆತು ನಾತ ಬರುತ್ತಿದ್ದರೆ ದಿನಾ ಕೆರೆದು ಒಣಗಿಸಿ. ಔಷಧಕ್ಕಿಂತ ಮೊದಲು ಒಣ ನೆಲ ಮುಖ್ಯ. ಕಾಲು ಎತ್ತಿದಾಗ ಮೂರು ಕಾಲಲ್ಲಿ ನಿಲ್ಲಲು ಅದಕ್ಕೆ ತ್ರಾಣ ಇರುವುದಿಲ್ಲ. ಒಂದೊಂದು ಕಾಲು ಅರ್ಧ ನಿಮಿಷ ಹಿಡಿದು ಇಳಿಸಿ. ಎಳೆದಾಡಿದರೆ ಅದರ ತಪ್ಪಲ್ಲ.

ಬಾಗಿಲು ತೆರೆದ ಮನೆ
ನಮ್ಮ ಮನೆಯಲ್ಲಿ ಎರಡು ಕುದುರೆ ಇವೆ. ಒಂಟಿಯಾಗಿದ್ದರೆ ಕೊರಗುತ್ತದೆ, ನಾಳೆಯೇ ತಂದು ಜೊತೆಗೆ ಬಿಡಿ. ಮಕ್ಕಳೂ ಮೈ ಉಜ್ಜುತ್ತಾರೆ.

ನಿವೃತ್ತ ಪಶುವೈದ್ಯೆ
ಮನಸ್ಸು ದೊಡ್ಡದು, ಆದರೆ ಮೂರು ವಾರ ಆದರೂ ಬೇಡ. ಸ್ಟ್ರಾಂಗಲ್ಸ್ ಅನ್ನುವ ಗಂಟಲು ಬಾವಿನ ರೋಗ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಗ್ಲಾಂಡರ್ಸ್ ಅನ್ನುವ ಇನ್ನೊಂದು ಅಂಟುರೋಗ ಇರುವ ಕಡೆಯಾದರೆ ಅದು ಮನುಷ್ಯರಿಗೂ ಅಂಟುತ್ತದೆ. ಮೂಗಲ್ಲಿ ಅಂಟು ಸೋರಿಕೆ, ಚರ್ಮದ ಮೇಲೆ ಗಂಟು, ಹುಣ್ಣು ಕಂಡರೆ ಮುಟ್ಟದೆ ಡಾಕ್ಟರಿಗೆ ಹೇಳಿ. ರಕ್ತ ಪರೀಕ್ಷೆ ಬರುವ ತನಕ ಮಕ್ಕಳನ್ನು ಹತ್ತಿರ ಬಿಡಬೇಡಿ. ಬಕೆಟ್, ಬ್ರಷ್, ಹಗ್ಗ ಬೇರೆ ಇರಲಿ. ದೂರದಿಂದ ಬೇರೆ ಪ್ರಾಣಿ ಕಣ್ಣಿಗೆ ಬಿದ್ದರೂ ಅದಕ್ಕೆ ಸಮಾಧಾನ.

ಬಾಗಿಲು ತೆರೆದ ಮನೆ
ಇದು ನನಗೆ ಹೊಳೆದಿರಲಿಲ್ಲ. ಮೂರು ವಾರದ ಮೇಲೆ ನನ್ನ ಜಾಗ ಕಾದಿರುತ್ತದೆ.

ಲೆಕ್ಕದ ಪುಸ್ತಕ
ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಇಂಥ ಮೂರು ಗುಂಪಿನಲ್ಲಿ ಇದ್ದೆ. ಎರಡು ಮುರಿದು ಬಿದ್ದವು. ಕುದುರೆ ಸಾಯಲಿಲ್ಲ, ಗುಂಪು ಸತ್ತಿತು.

ಮೊದಲ ವಾರ ಎಲ್ಲರೂ ಬರುತ್ತಾರೆ. ಫೋಟೋ, ಕಣ್ಣೀರು, ಹಣ, ಎಲ್ಲ ಹರಿದು ಬರುತ್ತದೆ. 9ರಲ್ಲಿ 2 ಇರುವ ಕುದುರೆ ನೆಟ್ಟಗಾಗಲು ನಾಲ್ಕೈದು ತಿಂಗಳಾದರೂ ಬೇಕು, ಹತ್ತು ತಿಂಗಳು ಹಿಡಿದದ್ದೂ ಉಂಟು. ನಾಲ್ಕನೇ ತಿಂಗಳಲ್ಲಿ ಕುದುರೆ ನೋಡಲು ಪರವಾಗಿಲ್ಲ ಅನ್ನಿಸುತ್ತದೆ, ಜನರ ಮನಸ್ಸು ಬೇರೆ ಕಡೆ ಹೋಗುತ್ತದೆ. ಆದರೆ ಆಗಲೇ ಅದು ಜಾಸ್ತಿ ತಿನ್ನುವುದು. ದಿನಕ್ಕೆ ಮೈತೂಕದ ನೂರಕ್ಕೆ ಎರಡು ಪಾಲು ಒಣಮೇವು, ಅಂದರೆ 300 ಕಿಲೋದ್ದಕ್ಕೆ 6 ಕಿಲೋ. ಮೈ ಬೆಳೆದ ಹಾಗೆ ಅದೂ ಬೆಳೆಯುತ್ತದೆ. ಗೊರಸು, ಹಲ್ಲು, ಲಸಿಕೆ ಅದರ ಮೇಲೆ. ಕುದುರೆ 25-30 ವರ್ಷ ಬದುಕುವ ಪ್ರಾಣಿ.

ಅದಕ್ಕೇ "ಕೈಲಾದಷ್ಟು ಕೊಡುತ್ತೇನೆ" ಅನ್ನುವವರಿಂದ ದುಡ್ಡಿಗಿಂತ ಮೊದಲು ಅವಧಿ ಕೇಳಿ. ಆರು ತಿಂಗಳು, ತಿಂಗಳಿಗಿಷ್ಟು, ಅಥವಾ ವಾರಕ್ಕೊಂದು ಸರದಿ. ದುಡ್ಡಿಲ್ಲದವರು ಲದ್ದಿ ಬಾಚಲಿ, ಗಾಡಿ ಇದ್ದವರು ಮೇವು ತರಲಿ. ಒಂದೇ ಪುಸ್ತಕ, ಇಬ್ಬರ ಸಹಿ, ಪ್ರತಿ ಬಿಲ್ಲಿನ ಫೋಟೋ ಅದೇ ದಿನ ಗುಂಪಿಗೆ. ತುರ್ತು ಚಿಕಿತ್ಸೆಗೆ ಅಂತ ಒಂದು ಗಂಟು ಬೇರೆ ಇಡಿ, ಮೇವು ಮುಗಿದರೂ ಅದನ್ನು ಮುಟ್ಟಬೇಡಿ. ಲೆಕ್ಕ ಕೇಳಿದವರನ್ನು ಅನುಮಾನ ಪಡುತ್ತೀರಾ ಅಂತ ಗದರಬೇಡಿ. ನಮ್ಮ ಒಂದು ಗುಂಪು ಒಡೆದದ್ದು ಅಷ್ಟಕ್ಕೇ.

ಮಳೆಬಿಲ್ಲು
ಜನ ಮನೆಯಿಂದ ಏನೇನೋ ತಂದು ಕೊಡುತ್ತಿದ್ದಾರೆ. ಬ್ರೆಡ್, ಉಳಿದ ತರಕಾರಿ. ಒಬ್ಬರು ಯಂತ್ರದಲ್ಲಿ ಕತ್ತರಿಸಿದ ಹುಲ್ಲನ್ನು ಒಂದು ಚೀಲ ತುಂಬಿ ತಂದಿದ್ದಾರೆ. ಹುಲ್ಲೇ ಅಲ್ವಾ, ಪರವಾಗಿಲ್ಲವಾ?

ಹಳೆಯ ಲಾಯ
ಆ ಚೀಲದ ಒಳಗೆ ಕೈ ಹಾಕಿ ನೋಡಿ, ಬಿಸಿ ಇರುತ್ತದೆ. ಸಣ್ಣಗೆ ಕತ್ತರಿಸಿ ರಾಶಿ ಹಾಕಿದ ಹುಲ್ಲು ಕೂಡಲೇ ಹುಳಿಯಲು ಶುರು. ಕುದುರೆ ಅಗಿಯದೆ ನುಂಗುತ್ತದೆ, ಒಳಗೆ ಗ್ಯಾಸ್ ತುಂಬುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೋಯಿತು. "ದಯವಿಟ್ಟು ಏನೂ ತಿನ್ನಿಸಬೇಡಿ, ಜೀವಕ್ಕೆ ಅಪಾಯ" ಅಂತ ದೊಡ್ಡದಾಗಿ ಬರೆದು ಬಾಗಿಲಿಗೆ ಹಾಕಿ. ತಂದವರನ್ನು ಬರಿಗೈಲಿ ಕಳಿಸಬೇಡಿ, ನೀರಿನ ತೊಟ್ಟಿ ತೊಳೆಯಲು ಹೇಳಿ. ಮತ್ತೆ ಬರುತ್ತಾರೆ.

ದಾರಿಹೋಕ
ಹೊಟ್ಟೆನೋವು ಬಂದರೆ ಬಾಯಿಗೆ ಎಣ್ಣೆ ಹುಯ್ಯುತ್ತಾರೆ, ನಮ್ಮ ತಾತ ಮಾಡುತ್ತಿದ್ದರು.

ನಿವೃತ್ತ ಪಶುವೈದ್ಯೆ
ಬೇಡವೇ ಬೇಡ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಉಳಿಸಲು ಆಗುವುದಿಲ್ಲ. ಡಾಕ್ಟರು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಕೊಡುತ್ತಾರೆ. ನೀವು ಮಾಡಬೇಕಾದದ್ದು ಫೋನು.

ಹೊಸಬ
ಸ್ವಲ್ಪ ಬೇರೆ ಪ್ರಶ್ನೆ. ನಮ್ಮ ಕಡೆ ಒಬ್ಬ ವ್ಯಾಪಾರಿ ಬಡಕಲು ಕುದುರೆಗಳನ್ನು ರಸ್ತೆ ಬದಿ ನಿಲ್ಲಿಸಿರುತ್ತಾನೆ. ಚಂದಾ ಎತ್ತಿ ಕೊಂಡು ಬಿಡಿಸೋಣ ಅಂತಿದ್ದೇವೆ. ಸರಿಯಾ?

ಲೆಕ್ಕದ ಪುಸ್ತಕ
ನಾವು ಎರಡು ಕೊಂಡೆವು. ಮುಂದಿನ ವಾರ ಅದೇ ಜಾಗದಲ್ಲಿ ಇನ್ನೂ ಬಡಕಲು ಎರಡು ನಿಂತಿದ್ದವು. ಎಲುಬು ಕಂಡಷ್ಟೂ ಬೆಲೆ ಬರುತ್ತದೆ ಅಂತ ನಾವೇ ಕಲಿಸಿದ ಹಾಗಾಯಿತು. ಅಂಥ ಕಡೆ ದೂರು, ಡಾಕ್ಟರ ವರದಿ, ಅಧಿಕಾರಿಗಳ ದಾರಿಯೇ ಸರಿ.

ನೇರಮಾತು
ಇದನ್ನು ಒಪ್ಪಲ್ಲ. ಡೊರೊತಿ ಬ್ರೂಕ್ ಅನ್ನುವ ಬ್ರಿಟಿಷ್ ಮಹಿಳೆ ಏನು ಮಾಡಿದರು? ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ಕೈರೋದಲ್ಲಿ ಮಾರಿ ಬಿಟ್ಟುಹೋದ ಕುದುರೆಗಳನ್ನು ಆಕೆ ಕಂಡರು. ಮುದಿಯಾಗಿ ಸೊರಗಿ ಗಾಡಿ ಎಳೆಯುತ್ತಿದ್ದವು. 1931ರಲ್ಲಿ ಒಂದು ಪತ್ರಿಕೆಗೆ ಪತ್ರ ಬರೆದರು. ಓದಿದ ಜನ ಹಣ ಕಳಿಸಿದರು. ಮೂರು ವರ್ಷದಲ್ಲಿ ಸುಮಾರು 5,000 ಕುದುರೆ ಕೊಂಡರು. ಕೊಳ್ಳುವುದು ತಪ್ಪು ಅಂದಿದ್ದರೆ?

ಹಳೆಯ ಲಾಯ
ನೀವು ಹೇಳಿದ್ದು ನಿಜ. ಆದರೆ ಅಲ್ಲಿ ಒಂದು ವ್ಯತ್ಯಾಸ ಇದೆ. ಯುದ್ಧ ಮುಗಿದಿತ್ತು, ಆ ಸೈನ್ಯದ ಕುದುರೆಗಳು ಇಷ್ಟೇ ಅಂತ ಲೆಕ್ಕ ಇತ್ತು. ಕೊಂಡಷ್ಟೂ ಕಡಿಮೆ ಆದವು, ಹೊಸದು ಬರಲಿಲ್ಲ. ವ್ಯಾಪಾರಿಯ ಬಳಿ ಹಾಗಲ್ಲ. ಆಮೇಲೆ 1934ರಲ್ಲಿ ಆಕೆ ಆಸ್ಪತ್ರೆ ತೆರೆದರಲ್ಲ, ದುಡಿಯುವ ಕುದುರೆ ಕತ್ತೆಗಳಿಗೆ ಪುಕ್ಕಟೆ ಚಿಕಿತ್ಸೆ ಕೊಡಲು. ಬಡ ಮಾಲೀಕನ ಜೊತೆಯೇ ಕೆಲಸ ಮಾಡಿದರು. ನಾನು ಮೊದಲು ಹೇಳಿದ್ದು ಅದನ್ನೇ.

ನೇರಮಾತು
ಆಸ್ಪತ್ರೆಯ ಮಾತು ಒಪ್ಪುತ್ತೇನೆ. ಆ ಮಾಲೀಕನ ಬಗ್ಗೆ ಸಿಟ್ಟು ಪೂರ್ತಿ ಹೋಗಿಲ್ಲ. ಮೇವಿಗೆ ನನ್ನದೂ ಆರು ತಿಂಗಳು ಬರೆದುಕೊಳ್ಳಿ.

ಗೊರಸುಗತ್ತಿ
ಕೈರೋದ ಕಥೆಯ ಇನ್ನೊಂದು ಭಾಗವನ್ನೂ ಹೇಳಿ. ಕೊಂಡ ಕುದುರೆಗಳಲ್ಲಿ ಹೆಚ್ಚಿನವನ್ನು ನೋವಿಲ್ಲದ ಸಾವು ಕೊಟ್ಟು ಕಳಿಸಿಕೊಡಬೇಕಾಯಿತು. ಅಷ್ಟು ಸವೆದು ಹೋಗಿದ್ದವು. ಕೊನೆಯ ಒಂದೆರಡು ದಿನ ನೆರಳು, ಮೇವು, ಮೆತ್ತನೆ ಹಾಸು ಕೊಟ್ಟು ಕಳಿಸಿದರು.

ಮಳೆಬಿಲ್ಲು
ದಯವಿಟ್ಟು ಆ ಮಾತು ಬೇಡ. ನಾವು ಉಳಿಸೋಕೆ ಅಂತ ತಂದಿದ್ದೇವೆ.

ಗೊರಸುಗತ್ತಿ
ಅಕ್ಕ, ನಿಮ್ಮ ಕುದುರೆಗೆ ಅಂತ ಹೇಳಿದ್ದಲ್ಲ. ಗೊರಸಿನ ಒಳಗಿನ ಎಲುಬು ಅಡಿ ಸೀಳಿಕೊಂಡು ಆಚೆ ಬಂದ ಕುದುರೆಯನ್ನು "ಪ್ರೀತಿಯಿಂದ" ಎಂಟು ತಿಂಗಳು ನಿಲ್ಲಿಸಿಕೊಂಡವರನ್ನು ನೋಡಿದ್ದೇನೆ. ಆ ಎಂಟು ತಿಂಗಳು ಅದು ಒಂದು ಹೆಜ್ಜೆಯನ್ನೂ ನೋವಿಲ್ಲದೆ ಇಡಲಿಲ್ಲ. ಡಾಕ್ಟರು ಹೇಳಿದಾಗ ಕೇಳುವ ಮನಸ್ಸನ್ನು ಗುಂಪು ಮೊದಲೇ ಮಾಡಿಕೊಂಡಿರಬೇಕು. ಆ ದಿನ ಕೂತು ಜಗಳ ಆಡಿದರೆ ಅಷ್ಟು ಹೊತ್ತೂ ಕುದುರೆ ನರಳುತ್ತದೆ.

ನಿವೃತ್ತ ಪಶುವೈದ್ಯೆ
ಇದಕ್ಕೆ ನಾನು ಏನೂ ಸೇರಿಸುವುದಿಲ್ಲ. ಸರಿಯಾಗಿ ಹೇಳಿದ್ದೀರಿ.

ಬಯಲುಹುಲ್ಲು
ಆರನೇ ದಿನ. ಲದ್ದಿ ನೀರಲ್ಲಿ ಕದಡಿದಾಗ ತಳದಲ್ಲಿ ಒಂದು ಬೆರಳು ದಪ್ಪ ಮರಳು ಕೂತಿತು. ಡಾಕ್ಟರು ಅದಕ್ಕೆ ಚಿಕಿತ್ಸೆ ಶುರು ಮಾಡಿದ್ದಾರೆ. ಇನ್ನೊಂದು ಸಂಗತಿ. ಮೇವನ್ನು ಅಗಿದು ಅಗಿದು ಉಂಡೆ ಮಾಡಿ ಉಗುಳುತ್ತಿದೆ.

ನಿವೃತ್ತ ಪಶುವೈದ್ಯೆ
ಹಲ್ಲು. ಕುದುರೆಯ ದವಡೆ ಹಲ್ಲು ಜೀವನವಿಡೀ ಸ್ವಲ್ಪ ಸ್ವಲ್ಪ ಮೇಲೆ ಬರುತ್ತಲೇ ಇರುತ್ತದೆ. ಸಮನಾಗಿ ಸವೆಯದಿದ್ದರೆ ಅಂಚು ಚೂಪಾಗಿ ಕೆನ್ನೆ, ನಾಲಗೆ ಕೊಯ್ಯುತ್ತದೆ. ಅರ ಹಾಕಿ ಉಜ್ಜಬೇಕು. ಅದಕ್ಕೆ ಮಂಪರು ಬರುವ ಚುಚ್ಚುಮದ್ದು ಬೇಕಾಗುತ್ತದೆ, ಈಗಿನ ನಿತ್ರಾಣದಲ್ಲಿ ಕುದುರೆ ಅದನ್ನು ತಡೆದುಕೊಳ್ಳುತ್ತಾ ಅಂತ ಡಾಕ್ಟರೇ ಹೇಳಬೇಕು. ಅಲ್ಲಿಯ ತನಕ ಲೂಸರ್ನ್ ಅನ್ನು ಸಣ್ಣಗೆ ಮಾಡಿ ನೀರಲ್ಲಿ ನೆನೆಸಿ ಕೊಡಬಹುದಾ ಕೇಳಿ.

ಬಯಲುಹುಲ್ಲು
ಒಂಬತ್ತನೇ ದಿನ, ರಾತ್ರಿ 2:20. ಯಾರಾದರೂ ಎಚ್ಚರ ಇದ್ದೀರಾ? ಸರದಿಗೆ ಬಂದೆ. ಕುದುರೆ ನೆಲಕ್ಕೆ ಬಿದ್ದಿದೆ. ಇಷ್ಟು ದಿನ ಒಮ್ಮೆಯೂ ಮಲಗಿದ್ದನ್ನು ನೋಡಿರಲಿಲ್ಲ. ಡಾಕ್ಟರಿಗೆ ಫೋನು ಹೋಗುತ್ತಿಲ್ಲ.

ನಿವೃತ್ತ ಪಶುವೈದ್ಯೆ
ಇದ್ದೇನೆ. ಓಡಬೇಡಿ, ಕೂಗಬೇಡಿ. ಹೊರಳಾಡುತ್ತಿದೆಯಾ? ಬೆವರು? ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿದೆಯಾ? ಮೆಲ್ಲಗೆ ಎಡಗಡೆಯಿಂದ ಹೋಗಿ ದವಡೆಯ ಕೆಳಗಿನ ಎಲುಬಿನ ಒಳ ಅಂಚಿಗೆ ಬೆರಳಿಟ್ಟು ನಾಡಿ ಎಣಿಸಿ. ನಿಮಿಷಕ್ಕೆ 28ರಿಂದ 44 ಸರಿ. ಉಸಿರು 8ರಿಂದ 16.

ಬಯಲುಹುಲ್ಲು
ಹೊರಳುತ್ತಿಲ್ಲ. ಬೆವರಿಲ್ಲ. ನಾಡಿ 40. ಉಸಿರು 12. ಮೂತಿಯನ್ನು ಹುಲ್ಲಿನ ಮೇಲೆ ಊರಿದೆ. ಕೆಳತುಟಿ ಜೋತುಬಿದ್ದಿದೆ. ಮುಂಗಾಲು ಸಣ್ಣಗೆ ಅದುರುತ್ತಿದೆ.

ನಿವೃತ್ತ ಪಶುವೈದ್ಯೆ
ನಿದ್ದೆ ಮಾಡುತ್ತಿದೆ. ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ಹೆದರಿಕೆ ಇರುವ ಜಾಗದಲ್ಲಿ ಮಲಗುವುದಿಲ್ಲ. ಲೈಟು ಆರಿಸಿ. ಅಲ್ಲೇ ಕೂತು ನೋಡಿ. ತಾನಾಗಿ ಎದ್ದರೆ ಮೇವು ಕೊಡಿ. ಏಳಲು ಹೋಗಿ ಆಗದಿದ್ದರೆ ಮಾತ್ರ ನನಗೆ ಬರೆಯಿರಿ.

ಬಯಲುಹುಲ್ಲು
3:05. ಎದ್ದಿತು. ಎರಡನೇ ಪ್ರಯತ್ನಕ್ಕೆ ಎದ್ದಿತು. ಮೈ ಕೊಡವಿ ತೊಟ್ಟಿ ಹತ್ತಿರ ಬಂದು ಮೆಲ್ಲಗೆ ಕೆನೆಯಿತು. ಮೇವು ಹಾಕಿದ್ದೇನೆ. ಕೈ ಇನ್ನೂ ನಡುಗುತ್ತಿದೆ.

ಮಳೆಬಿಲ್ಲು
ಈಗ ಓದಿದೆ. ನನ್ನ ಸರದಿ 6 ಗಂಟೆಗೆ, ಬೇಗ ಬರುತ್ತೇನೆ, ನೀವು ಹೋಗಿ ಮಲಗಿ.

ಲೆಕ್ಕದ ಪುಸ್ತಕ
ಮುಂದಿನ ತಿಂಗಳ ಪಟ್ಟಿ ಹಾಕಿದ್ದೇನೆ. ಭಾನುವಾರ ರಾತ್ರಿಗಳು ಖಾಲಿ ಇವೆ.

ನೇರಮಾತು
ಭಾನುವಾರ ನನಗೆ ಹಾಕಿ. ಎಡಗಡೆಯಿಂದ ಹೋಗಬೇಕು, ಗೊತ್ತು.